ಬಿಲದ ಬಾಯಿ ಬಲ್ಲವರು

ಕಳೆದ ಮಳೆಗಾಲದಲ್ಲಿ ನಮ್ಮ ಕಚೇರಿಯ ದಾಖಲೆ ಕೊಠಡಿಯಲ್ಲಿ ಇಲಿಗಳು ಒಬ್ಬ ಮನುಷ್ಯನ 11 ವರ್ಷಗಳನ್ನು ತಿಂದುಹಾಕಿದವು. ಇದು ಉತ್ಪ್ರೇಕ್ಷೆಯಲ್ಲ. ನಿವೃತ್ತಿಗೆ ನಾಲ್ಕೇ ತಿಂಗಳು ಉಳಿದಿದ್ದ ಹಿರಿಯ ಸಹೋದ್ಯೋಗಿಯೊಬ್ಬರ ಸೇವಾ ಪುಸ್ತಕವನ್ನು ಪಿಂಚಣಿಯ ಲೆಕ್ಕಕ್ಕೆಂದು ಕಪಾಟಿನಿಂದ ತೆಗೆದಾಗ ಮೊದಲ ಪುಟಗಳಿದ್ದವು, ಕೊನೆಯ ಪುಟಗಳೂ ಇದ್ದವು. ನಡುವೆ ಹಿಡಿಯಷ್ಟು ಕಾಗದದ ತೌಡು, ಅದರೊಳಗೆ ಇನ್ನೂ ಕಣ್ಣು ತೆರೆಯದ ಐದು ಮರಿಗಳು. ಆ 11 ವರ್ಷ ತಾವು ನಿಜವಾಗಿಯೂ ದುಡಿದಿದ್ದೆವೆಂದು ಸಾಬೀತುಪಡಿಸಲು ಆ ಹಿರಿಯರು ಈಗಲೂ ಹಳೆಯ ಕಚೇರಿಗಳಿಗೆ ಪತ್ರ ಬರೆಯುತ್ತಿದ್ದಾರೆ.

ಅದಾದ ವಾರದೊಳಗೆ ಮೇಲಧಿಕಾರಿಗಳ ಮೊಬೈಲಿಗೆ ಒಂದು ವಿಡಿಯೊ ಬಂತು. ಇಂಗ್ಲೆಂಡಿನ ಯಾವುದೋ ಹೊಲಮನೆಯ ಹಿತ್ತಲು. ಒಬ್ಬಾತ ಮರದ ಪೆಟ್ಟಿಗೆಯಿಂದ ನೀಳವಾದ, ಗಿಡ್ಡ ಕಾಲಿನ ಪ್ರಾಣಿಯೊಂದನ್ನು ಎತ್ತಿ ಬಿಲದೊಳಗೆ ಬಿಡುತ್ತಾನೆ. ಅರೆಗಳಿಗೆಯಲ್ಲಿ ಬೇರೊಂದು ಬಿಲದಿಂದ ಇಲಿಗಳು ಚಿಮ್ಮುತ್ತವೆ, ಕಾದು ನಿಂತ ನಾಯಿಗಳು ಒಂದೊಂದನ್ನೂ ಕಚ್ಚಿ ಒದರಿ ಬಿಸುಡುತ್ತವೆ. ಎರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಇಂಥದೊಂದು ಪ್ರಾಣಿಯನ್ನು ನಾವೂ ಏಕೆ ತರಿಸಬಾರದೆಂಬ ಪ್ರಶ್ನೆ ಕಡತದ ರೂಪ ತಾಳಲು ಮೂರು ದಿನ ಸಾಕಾಯಿತು. "ನೀವು ಇಂಗ್ಲಿಷ್ ಎಂ.ಎ. ಅಲ್ಲವೇ, ಈ ಪ್ರಾಣಿಯ ಬಗ್ಗೆ ಓದಿ ಒಂದು ಟಿಪ್ಪಣಿ ಬರೆಯಿರಿ" ಎಂದು ಆ ಕಡತ ನಮ್ಮ ಮೇಜಿಗೆ ಬಂತು. ಮಿಲ್ಟನ್, ಎಲಿಯಟ್‌ರನ್ನು ಓದಿದ್ದು ಕೊನೆಗೂ ಸರ್ಕಾರದ ಉಪಯೋಗಕ್ಕೆ ಒದಗಿತು.

ನಾವೂ ಶ್ರದ್ಧೆಯಿಂದಲೇ ಓದಿದೆವು. ಆ ಪ್ರಾಣಿಯ ಹೆಸರು ಫೆರೆಟ್. ನಮ್ಮಲ್ಲಿ ಅದಿಲ್ಲ, ಆದ್ದರಿಂದ ಕನ್ನಡದಲ್ಲಿ ಅದಕ್ಕೊಂದು ಹೆಸರೂ ಇಲ್ಲ. ನೋಡುವುದಕ್ಕೆ ಮುಂಗುಸಿಯ ದೂರದ ನೆಂಟನಂತೆ ಕಂಡರೂ ಕುಲ ಬೇರೆ. ಅದು ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಪಳಗಿಸಿ ಮಾಡಿದ ಸಾಕುಪ್ರಾಣಿ. ಕಾಡುಬಣ್ಣದವೂ ಉಂಟು, ಕೆಂಪು ಕಣ್ಣಿನ ಕೆನೆಬಿಳಿಯವೂ ಉಂಟು. ಷೇಕ್ಸ್‌ಪಿಯರ್ ತನ್ನ 'ಜೂಲಿಯಸ್ ಸೀಸರ್' ನಾಟಕದಲ್ಲಿ ಸಿಟ್ಟಿಗೆದ್ದ ಸಿಸಿರೋನ ಕಣ್ಣುಗಳನ್ನು ಹೋಲಿಸಿದ್ದು ಈ ಪ್ರಾಣಿಯ ಕಣ್ಣುಗಳಿಗೇ. ಹೆಸರಿನ ಮೂಲ ಹುಡುಕಿದರೆ ಕಳ್ಳನೆಂಬ ಅರ್ಥದ ಲ್ಯಾಟಿನ್ ಪದಕ್ಕೆ ಹೋಗಿ ಮುಟ್ಟುತ್ತೇವೆ. ಫೆರೆಟ್ ಎಂದರೆ ಪುಟ್ಟ ಕಳ್ಳ. ಮುಚ್ಚಿಟ್ಟದ್ದನ್ನು ಬೆದಕಿ ಹೊರಗೆಳೆಯುವುದಕ್ಕೆ ಇಂಗ್ಲಿಷಿನಲ್ಲಿ ಇದೇ ಹೆಸರನ್ನು ಕ್ರಿಯಾಪದವಾಗಿ ಬಳಸುತ್ತಾರೆ. ಲೆಕ್ಕಪರಿಶೋಧಕರಿಗೆ ಒಪ್ಪುವ ಮಾತು.

ಇದರ ಮೊದಲ ಉದ್ಯೋಗ ಇಲಿಬೇಟೆಯಲ್ಲ, ಮೊಲದ ಬೇಟೆ. ಸ್ಪೇನಿನವರು ಇಂಥ ಪ್ರಾಣಿಯ ಬಾಯಿಗೆ ಕುಕ್ಕೆ ಕಟ್ಟಿ ಮೊಲದ ಬಿಲಕ್ಕೆ ಬಿಡುತ್ತಿದ್ದರೆಂದು ಸ್ಟ್ರಾಬೋ ಬರೆದಿದ್ದಾನೆ. ಬಾಲಿಯಾರಿಕ್ ದ್ವೀಪದವರು ಮೊಲಗಳ ಕಾಟ ತಾಳಲಾರದೆ ಚಕ್ರವರ್ತಿ ಅಗಸ್ಟಸ್‌ನಲ್ಲಿ ಸೈನ್ಯದ ನೆರವು ಬೇಡಿದರೆಂದು ಪ್ಲಿನಿ ದಾಖಲಿಸುತ್ತಾನೆ. ಸಣ್ಣ ಪ್ರಾಣಿಯ ಕಾಟಕ್ಕೆ ದೊಡ್ಡ ಸರ್ಕಾರಕ್ಕೆ ಅರ್ಜಿ ಹಾಕುವ ಪದ್ಧತಿ ಇಂದಿನದಲ್ಲ.

ಆ ಬಾಯಿಗೆ ಕಟ್ಟಿದ ಕುಕ್ಕೆಯ ಬಳಿ ನಾವು ತುಸು ಹೊತ್ತು ನಿಂತೆವು. ಕೊಲ್ಲಲೆಂದು ಕಳಿಸುವ ಪ್ರಾಣಿಯ ಬಾಯಿಯನ್ನು ಯಾರಾದರೂ ಕಟ್ಟುವರೇ? ಕಟ್ಟುತ್ತಿದ್ದರು, ಏಕೆಂದರೆ ಫೆರೆಟ್ಟಿನ ಕೆಲಸ ಕೊಲ್ಲುವುದಲ್ಲ, ಹೊರಡಿಸುವುದು. ಅದು ಬಿಲದೊಳಗೇ ಬೇಟೆಯನ್ನು ಕೊಂದರೆ ಅಲ್ಲಿಯೇ ಉಂಡು ಅಲ್ಲಿಯೇ ಮಲಗಿಬಿಡುತ್ತದೆ. ದಿನಕ್ಕೆ 14ರಿಂದ 18 ಗಂಟೆ ನಿದ್ರಿಸುವ ಪ್ರಾಣಿ ಅದು! ಆಮೇಲೆ ಯಜಮಾನ ಗುದ್ದಲಿ ಹಿಡಿದು ನೆಲ ಅಗೆಯಬೇಕು. ಬೆಟ್ಟ ಅಗೆದು ಇಲಿ ಹಿಡಿದ ಗಾದೆಗಿಂತ ಒಂದು ಹೆಜ್ಜೆ ಮುಂದೆ. ಇಲ್ಲಿ ಅಗೆಯುವುದು ಇಲಿ ಹಿಡಿಯಲು ಹೋದವನನ್ನು ಹಿಡಿಯುವುದಕ್ಕೆ. ಈಚೆಗೆ ಇದಕ್ಕಾಗಿಯೇ ಫೆರೆಟ್ಟಿನ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟುವ ರೂಢಿ ಬಂದಿದೆ.

ಇಲಿಬೇಟೆ ಮೊಲದ ಬೇಟೆಗಿಂತ ಕಠಿಣ. ಮೊಲ ಓಡುತ್ತದೆ, ಇಲಿ ತಿರುಗಿ ಬೀಳುತ್ತದೆ. ಬಲಿತ ಕಂದು ಇಲಿಯೊಂದು ಇಕ್ಕಟ್ಟಿನ ಬಿಲದಲ್ಲಿ ಮುಖಾಮುಖಿಯಾದರೆ ಫೆರೆಟ್ಟಿನ ಮೂತಿಯನ್ನು ಸೀಳಿಬಿಡಬಲ್ಲದು. ಹಾಗೆ ಒಮ್ಮೆ ಕಚ್ಚಿಸಿಕೊಂಡ ಫೆರೆಟ್ ಮತ್ತೆ ಇಲಿಬಿಲ ಹೊಗಲು ಹಿಂಜರಿಯುವುದುಂಟು. ಇಕ್ಕಟ್ಟಾದ ಬಿಲಕ್ಕೆ ಚಿಕ್ಕ ಮೈಯ ಹೆಣ್ಣು ಫೆರೆಟ್ಟೇ ವಾಸಿ. ಬಿಡುವ ಮೊದಲು ಬೇಟೆಗಾರ ಇಡೀ ಜಾಗವನ್ನು ಸುತ್ತಿ ಯಾವ ಬಿಲದಲ್ಲಿ ಹೊಸ ಮಣ್ಣಿದೆ, ಯಾವುದರ ಬಾಯಿಗೆ ಜೇಡ ಬಲೆ ಕಟ್ಟಿದೆ, ಇಲಿ ತಪ್ಪಿಸಿಕೊಳ್ಳಲೆಂದೇ ಹುಲ್ಲಿನಡಿ ಮರೆಮಾಡಿಟ್ಟ ಕಳ್ಳಗಿಂಡಿ ಎಲ್ಲಿದೆ ಎಂದು ನೋಡಿಕೊಳ್ಳಬೇಕು. ಕೆಲವು ಬಾಯಿಗಳನ್ನು ಮುಚ್ಚಬೇಕು, ಕೆಲವಕ್ಕೆ ಬಲೆ ಹಾಸಬೇಕು, ಕೆಲವನ್ನು ನಾಯಿಗೆ ಬಿಡಬೇಕು. ನಾಯಿಗೂ ಫೆರೆಟ್ಟಿಗೂ ಮೊದಲೇ ಸ್ನೇಹವಿರಬೇಕು, ಇಲ್ಲವಾದರೆ ನಾಯಿ ಮೊದಲು ಒದರುವುದು ಅದನ್ನೇ. ಹೆಜ್ಜೆಯ ಸದ್ದಾಗಬಾರದು. ನಮ್ಮ ಎರಡು ನಿಮಿಷದ ವಿಡಿಯೊದಲ್ಲಿ ಇದಾವುದೂ ಇರಲಿಲ್ಲ. ಅದರಲ್ಲಿ ಕಂಡದ್ದು ಪ್ರಾಣಿ. ಪ್ರಾಣಿಯ ಹಿಂದೆ ನಿಂತಿದ್ದ ಮನುಷ್ಯನ ಕೈ ಮಾತ್ರ ಒಂದು ಕ್ಷಣ ಕಂಡು ಮರೆಯಾಗಿತ್ತು.

ಆ ಕೈಯ ಬಗ್ಗೆ ಬರೆದವರೂ ಇದ್ದಾರೆ. ಹೆನ್ರಿ ಮೇಹ್ಯೂ 19ನೆಯ ಶತಮಾನದ ಮಧ್ಯದಲ್ಲಿ ಲಂಡನ್ನಿನ ಬಡ ದುಡಿಮೆಗಾರರನ್ನು ಮಾತನಾಡಿಸಿ ಬರೆದ ಗ್ರಂಥದಲ್ಲಿ ಜ್ಯಾಕ್ ಬ್ಲ್ಯಾಕ್ ಎಂಬ ಇಲಿಗಾರನೊಬ್ಬ ಬರುತ್ತಾನೆ. ವಿಕ್ಟೋರಿಯಾ ರಾಣಿಯ ಇಲಿಗಾರನೆಂದು ತನ್ನನ್ನು ಕರೆದುಕೊಳ್ಳುತ್ತಿದ್ದ ಆತ ಎರಕದ ಇಲಿಗಳನ್ನು ಕೂರಿಸಿದ ಚರ್ಮದ ಪಟ್ಟಿಯನ್ನು ಎದೆಗೆ ಅಡ್ಡಲಾಗಿ ಧರಿಸಿ ಬೀದಿಯಲ್ಲಿ ನಿಲ್ಲುತ್ತಿದ್ದ. ಇಲಿ ಕಡಿತದಿಂದ ಸಾವಿನ ಬಾಗಿಲು ಕಂಡು ಬಂದವನು. ಮ್ಯಾಂಚೆಸ್ಟರಿನ ಐಕ್ ಮ್ಯಾಥ್ಯೂಸ್ ಎಂಬಾತ 25 ವರ್ಷ ಇಲಿ ಹಿಡಿದು, ಕಲಿತದ್ದನ್ನು 1898ರಲ್ಲಿ ಪುಟ್ಟ ಪುಸ್ತಕವಾಗಿ ಅಚ್ಚು ಹಾಕಿಸಿದ. ಎಂ.ಎ. ತರಗತಿಯಲ್ಲಿ ಅದೇ ಕಾಲದ ಇಂಗ್ಲಿಷ್ ಕಾದಂಬರಿಗಳನ್ನು ಸಾಲುಸಾಲಾಗಿ ಓದಿದ ನಮಗೆ ಈ ಪುಸ್ತಕದ ಹೆಸರನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಿತ್ತು ಎಂದೇ ಈಗ ಅನ್ನಿಸುತ್ತದೆ.

ಇಷ್ಟು ಓದಿದ ಮೇಲೆ ನಮ್ಮ ಟಿಪ್ಪಣಿಯ ಮೊದಲ ಭಾಗ ಸುಲಭವಾಯಿತು. ಫೆರೆಟ್ಟಿಗೆ ಬಿಸಿಲು ಆಗದು; 30 ಡಿಗ್ರಿ ದಾಟಿದರೆ ಅದರ ಜೀವಕ್ಕೇ ಕುತ್ತು. ಮುಂಬಯಿಯ ಮೇ ತಿಂಗಳಲ್ಲಿ ಅದು ಇಲಿಗಿಂತ ಮೊದಲೇ ಸಾಯುತ್ತದೆ. ಕಾಂಕ್ರೀಟು ಗೋಡೆ, ಕೊಳವೆ, ಸುಳ್ಳು ಸೂರುಗಳ ನಡುವೆ ಅದಕ್ಕೆ ಕೆಲಸವೂ ಇಲ್ಲ. ಹೊರದೇಶದ ಜೀವಂತ ಪ್ರಾಣಿಯನ್ನು ತರಿಸಲು ಬೇಕಾಗುವ ಪರವಾನಗಿಗಳ ಸಂಗತಿ ಬೇರೆ.

ಎರಡನೆಯ ಭಾಗದಲ್ಲಿ ಟಿಪ್ಪಣಿಯ ಮಿತಿಯನ್ನು ತುಸು ಮೀರಿದೆವು. ಪ್ರಾಣಿಯನ್ನು ಮಾತ್ರ ಹಡಗಿಗೆ ಹತ್ತಿಸಿ, ಅದನ್ನು ಬಲ್ಲ ಮನುಷ್ಯನನ್ನೂ ಅದರ ನೆಲವನ್ನೂ ಹಿಂದೆ ಬಿಟ್ಟು ಹೋದವರ ಕತೆಯನ್ನು ಅಲ್ಲಿ ಬರೆದೆವು. ಜಮೈಕಾದ ಕಬ್ಬಿನ ತೋಟಗಳಲ್ಲಿ ಇಲಿಗಳ ಹಾವಳಿ ವಿಪರೀತವಾಗಿತ್ತು. ತೋಟದ ಒಡೆಯರು ಮೊದಲು ಇಲಿಮರಿಗಳನ್ನು ತಿನ್ನಲೆಂದು ಮಾಂಸಾಹಾರಿ ಇರುವೆಗಳನ್ನು ತರಿಸಿದರು, 1844ರಲ್ಲಿ ದೈತ್ಯಗಾತ್ರದ ನೆಲಗಪ್ಪೆಗಳನ್ನು ತರಿಸಿದರು, ಫೆರೆಟ್ಟುಗಳನ್ನೂ ತರಿಸಿ ನೋಡಿದರು. ಯಾವುದೂ ಸಾಗಲಿಲ್ಲ. 1872ರಲ್ಲಿ ಬ್ಯಾಂಕ್ರಾಫ್ಟ್ ಎಸ್‌ಪ್ಯೂಟ್ ಎಂಬ ತೋಟಗಾರ ಭಾರತದಿಂದ ಒಂಬತ್ತು ಮುಂಗುಸಿಗಳನ್ನು ತರಿಸಿಕೊಂಡ. ನಮ್ಮ ಹೊಲದ ಬದುವಿನ ಮುಂಗುಸಿಗಳೇ. ಅವುಗಳ ಇಂಗ್ಲಿಷ್ ಹೆಸರು ಕೂಡ ಮರಾಠಿಯ ಮುಂಗೂಸ್‌ನಿಂದ ಹೋದದ್ದು; ಕನ್ನಡದ ಮುಂಗುಸಿ, ತೆಲುಗಿನ ಮುಂಗಿಸ ಅದರ ಒಡಹುಟ್ಟುಗಳು.

ಮೊದಲ ವರ್ಷಗಳಲ್ಲಿ ಇಲಿಗಳು ಕಡಿಮೆಯಾದವು. ಎಸ್‌ಪ್ಯೂಟ್ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘಕ್ಕೆ ಹೆಮ್ಮೆಯಿಂದ ಪ್ರಬಂಧ ಬರೆದ. ಅಷ್ಟರಲ್ಲಿ ಮುಂಗುಸಿಗಳು ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳನ್ನೂ ಹಲ್ಲಿ ಹಾವುಗಳನ್ನೂ ರೈತರ ಕೋಳಿಗಳನ್ನೂ ಮುಗಿಸತೊಡಗಿದ್ದವು. ಉಳಿದ ಇಲಿಗಳು ಮರವೇರಿ ಸುಖವಾಗಿದ್ದವು. ಮುಂಗುಸಿ ಹಗಲಿನ ಬೇಟೆಗಾರ, ಇಲಿ ಇರುಳಿನ ಸಂಚಾರಿ. ಒಂದೇ ಮನೆಯಲ್ಲಿ ಎರಡು ಪಾಳಿಯಲ್ಲಿ ದುಡಿಯುವ ಗಂಡಹೆಂಡಿರಂತೆ ಅವು ಭೇಟಿಯಾಗುವುದೇ ಅಪರೂಪ. ಇಷ್ಟಾದರೂ 1883ರಲ್ಲಿ ಜಮೈಕಾದಿಂದ 72 ಮುಂಗುಸಿಗಳು ಹವಾಯಿಯ ಕಬ್ಬಿನ ತೋಟಗಳಿಗೆ ಹೊರಟವು. ಅಲ್ಲಿಯೂ ಅದೇ ಕತೆ. ಫೆರೆಟ್ಟನ್ನು 1880ರ ದಶಕದಲ್ಲಿ ಮೊಲಗಳ ಮೇಲೆ ಬಿಟ್ಟ ನ್ಯೂಜಿಲೆಂಡಿನಲ್ಲಿ ಹಾರಲಾರದ ಕಿವಿ ಹಕ್ಕಿಗಳು ಅದಕ್ಕೆ ಆಹಾರವಾದವು. ಅದೇ ದೇಶ ಇಂದು 2050ರೊಳಗೆ ಇಲಿಗಳೊಂದಿಗೆ ಫೆರೆಟ್ಟಿನ ಬಂಧುಬಳಗವನ್ನೂ ತನ್ನ ನೆಲದಿಂದ ಇಲ್ಲವಾಗಿಸಲು ಹೊರಟಿದೆ.

ಮುಂಗುಸಿಯನ್ನು ದೂರಿ ಪ್ರಯೋಜನವಿಲ್ಲ. ಪಂಚತಂತ್ರದ ಕತೆಯಲ್ಲಿ ತೊಟ್ಟಿಲ ಕೂಸನ್ನು ಹಾವಿನಿಂದ ಕಾಪಾಡಿ, ರಕ್ತದ ಬಾಯಲ್ಲಿ ಬಾಗಿಲಿಗೆ ಬಂದು, ಯಜಮಾನಿತಿಯ ಕೈಯಲ್ಲಿ ಹತವಾದ ಪ್ರಾಣಿ ಅದು. ಅಲ್ಲಿಯೂ ದುಡುಕಿದ್ದು ಮನುಷ್ಯನೇ. ಈಗ ನಮ್ಮ ದೇಶದಲ್ಲಿ ಅದಕ್ಕೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಆದರೂ ಚಿತ್ರಕಾರರ ಕುಂಚಕ್ಕೆ ಅದರ ಕೂದಲು ಬೇಕೆಂದು ಕದ್ದು ಕೊಲ್ಲುವವರಿದ್ದಾರೆ.

ಪ್ರಾಣಿ ಬೇಡ, ಪಾಷಾಣವಿದೆಯಲ್ಲ ಎನ್ನುವವರಿಗೂ ಟಿಪ್ಪಣಿಯಲ್ಲಿ ಒಂದು ಸಾಲು ಇಟ್ಟೆವು. 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದ ವಾರ್ಫರಿನ್‌ಗೆ ಜಗ್ಗದ ಇಲಿಗಳು 1958ರಲ್ಲೇ ಸ್ಕಾಟ್ಲೆಂಡಿನಲ್ಲಿ ಕಂಡುಬಂದವು. ಹತ್ತು ವರ್ಷ ಅಷ್ಟೇ. ವಿಷ ತಿಂದ ಇಲಿಯನ್ನು ಗೂಬೆ ತಿನ್ನುತ್ತದೆ, ನಾಳಿನ ಇಲಿಯನ್ನು ಹಿಡಿಯಬೇಕಾದ ಗೂಬೆಯೇ ಸಾಯುತ್ತದೆ.

ಅಂಟುಹಲಗೆಯ ಬಗ್ಗೆ ಬರೆಯುವಾಗ ಮಾತ್ರ ನಮ್ಮ ಲೇಖನಿ ನಿಂತಿತು. ಅದನ್ನು ಕಚೇರಿಗೆ ತರಿಸಿದ ಕಡತದಲ್ಲಿ ನಮ್ಮದೂ ಸಹಿಯಿದೆ. ಒಂದು ಶುಕ್ರವಾರ ಸಂಜೆ ಹಲಗೆಗಳನ್ನಿಟ್ಟು ಮನೆಗೆ ಹೋದೆವು. ಶನಿವಾರ, ಭಾನುವಾರ ರಜೆ. ಸೋಮವಾರ ಬೆಳಗ್ಗೆ ಬಾಗಿಲು ತೆರೆದಾಗ ಒಂದು ಇಲಿ ಇನ್ನೂ ಬದುಕಿತ್ತು. ಬಿಡಿಸಿಕೊಳ್ಳಲೆಂದು ತನ್ನದೇ ಕಾಲನ್ನು ಮೂಳೆಯವರೆಗೆ ಕಡಿದುಕೊಂಡಿತ್ತು. ಅದರ ಕಿರುಚಾಟ ಕೇಳುತ್ತ ನಾವು ಆರು ಜನ ಪದವೀಧರರು ಬಾಗಿಲಲ್ಲೇ ನಿಂತಿದ್ದೆವು. ಭಾರತೀಯ ಪ್ರಾಣಿಕಲ್ಯಾಣ ಮಂಡಳಿ ಈ ಹಲಗೆಗಳು ಕೂಡದೆಂದು ರಾಜ್ಯಗಳಿಗೆ ಸೂಚಿಸಿದೆಯೆಂಬುದು ನಮಗೆ ತಿಳಿದದ್ದು ಆಮೇಲೆ. ಇಲಿಯ ಮೇಲೆ ನಮಗೇನೂ ವಿಶೇಷ ಮಮತೆಯಿಲ್ಲ. ಸೇವಾ ಪುಸ್ತಕದ ಗತಿಯನ್ನು ಕಣ್ಣಾರೆ ಕಂಡವರು ನಾವು. ಆದರೆ ಆ ಇಂಗ್ಲಿಷ್ ನಾಯಿಯ ಒಂದೇ ಒದರಿನಲ್ಲಿ ಮುಗಿಯುವ ಸಾವು ನಮ್ಮ ಮೂರು ದಿನದ ಹಲಗೆಗಿಂತ ಸಭ್ಯವಾದದ್ದು. ಅಲ್ಲಿ ಕೊಲ್ಲುವವನು ಎದುರಿಗೆ ನಿಂತಿರುತ್ತಾನೆ. ನಾವು ರಜೆಗೆ ಹೋಗಿದ್ದೆವು.

ಅಂದು ಆ ಇಲಿಯ ನರಳಾಟವನ್ನು ಕೊನೆಗಾಣಿಸಿದವನು ಕೀಟನಿಯಂತ್ರಣದ ಗುತ್ತಿಗೆದಾರರ ಕಡೆಯಿಂದ ಬರುವ ಕೆಲಸಗಾರ. ಕಲಬುರಗಿ ಕಡೆಯವನು, ತಂದೆಯ ಕಾಲದಿಂದ ಮುಂಬಯಿವಾಸಿ. ನಾವು ಕನ್ನಡದವರೆಂದು ಗೊತ್ತಾದ ದಿನದಿಂದ ಅವನ ಮಾತಿನ ಧಾಟಿಯೇ ಬದಲಾಗಿತ್ತು. ಹಲಗೆಯನ್ನು ಚೀಲಕ್ಕೆ ಹಾಕುತ್ತ ಆತ ಹೇಳಿದ: "ಇಲಿ ಹಿಡಿಯೂದು ದೊಡ್ಡ ಮಾತಲ್ರೀ ಸಾಹೇಬ್ರ. ಬಿಲದ ಬಾಯಿ ಹುಡುಕೂದು ದೊಡ್ಡದು. ಆ ಎ.ಸಿ. ಪೈಪಿನ ಬಾಜೂಕ ಒಂದು ಸಂದಿ ಅದ. ಎರಡು ವರ್ಷ ಆತು ಹೇಳಾಕತ್ತೇನಿ. ಯಾರೂ ಕೇಳವಲ್ರು."

ಎರಡು ವರ್ಷ! ಸ್ಟ್ರಾಬೋನಿಂದ ಐಕ್ ಮ್ಯಾಥ್ಯೂಸ್‌ವರೆಗೆ ಓದಿ ನಾವು ಕಂಡುಕೊಂಡ ಮಾತನ್ನು, ನಮ್ಮದೇ ಕಚೇರಿಯ ಕಾರಿಡಾರಿನಲ್ಲಿ, ನಮ್ಮದೇ ಭಾಷೆಯಲ್ಲಿ ಒಬ್ಬ ಮನುಷ್ಯ ಎರಡು ವರ್ಷದಿಂದ ಹೇಳುತ್ತಿದ್ದ. ಎರಡು ಸೆಂಟಿಮೀಟರಿನ ಸಂದಿದ್ದರೆ ಇಲಿಗೆ ಅದು ಹೆಬ್ಬಾಗಿಲು. ಹೆಣ್ಣಿಲಿಯ ಬಸಿರು ಮೂರು ವಾರ, ಕಡತದ ಬಸಿರು ಆರು ತಿಂಗಳು. ಈ ಸ್ಪರ್ಧೆಯಲ್ಲಿ ಗೆಲ್ಲುವವರು ಯಾರೆಂದು ಗಣಿತ ಬಲ್ಲವರೇ ಹೇಳಲಿ.

ನಮ್ಮ ನಿಲುವು ಇಷ್ಟೇ: ಇಲಿಗೆ ಎದುರಾಗಿ ನಾವು ಹುಡುಕಬೇಕಾದದ್ದು ಹೊಸ ಪ್ರಾಣಿಯನ್ನಲ್ಲ, ಹೊಸ ಪಾಷಾಣವನ್ನೂ ಅಲ್ಲ. ಬಿಲದ ಬಾಯಿ ಬಲ್ಲವನು ನಮ್ಮ ನಡುವೆ ಈಗಾಗಲೇ ಇದ್ದಾನೆ. ಅವನ ಮಾತನ್ನು ಕಿವಿಗೆ ಹಾಕಿಕೊಳ್ಳುವ ವ್ಯವಸ್ಥೆಯಿಲ್ಲ, ಅವನ ಕೂಲಿಯನ್ನು ಹೊತ್ತಿಗೆ ಕೊಡುವ ರೂಢಿಯಿಲ್ಲ. ನಾವು ವಾಸಿಸುವ ಈ ಮುಂಬಯಿಯಲ್ಲಿ ಮಹಾನಗರಪಾಲಿಕೆಯ ರಾತ್ರಿ ಇಲಿಗಾರರು ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬಡಿಗೆ ಹಿಡಿದು ಚಾಳುಗಳ ಹಿಂದಿನ ಗಟಾರದ ಓಣಿಗಳಲ್ಲಿ ಅಲೆಯುತ್ತಾರೆ. ರಾತ್ರಿಯೊಂದಕ್ಕೆ 30 ಇಲಿ ಲೆಕ್ಕ ಒಪ್ಪಿಸಬೇಕು. 1896ರಲ್ಲಿ ಪ್ಲೇಗು ಈ ಊರಿಗೆ ಬಂದಾಗಿನಿಂದ ಇಲಿಯ ಲೆಕ್ಕವೆಂದರೆ ಇಲ್ಲಿ ಮನುಷ್ಯರ ಲೆಕ್ಕವೂ ಹೌದು. ಅದೇ ಮಹಾಮಾರಿ 1898ರಲ್ಲಿ ಬೆಂಗಳೂರಿಗೆ ನುಗ್ಗಿ, ಮಲ್ಲೇಶ್ವರ ಬಸವನಗುಡಿಗಳೆಂಬ ಬಡಾವಣೆಗಳು ಬೆಳೆಯಲು ಕಾರಣವಾಯಿತು. ಆ ಬಡಾವಣೆಗಳಲ್ಲಿ ಹುಟ್ಟಿ ಹೊರನಾಡಿಗೆ ಬಂದ ನಮ್ಮ ಬಳಗದ ಅನೇಕರು ಇಲಿಗಾರನ ಋಣದಲ್ಲಿದ್ದಾರೆಂದರೆ ತಪ್ಪಲ್ಲ.

ಚೆನ್ನೈ ಓದುಗರು ಇರುಳರನ್ನು ಬಲ್ಲರು. ಗದ್ದೆಯ ಬದುವಿನಲ್ಲಿ ಇಲಿಬಿಲ ಗುರುತಿಸಿ, ಮಣ್ಣಿನ ಗಡಿಗೆಯಲ್ಲಿ ಹೊಗೆಯೆಬ್ಬಿಸಿ, ಬಾಯಿಂದ ಊದಿ ಬಿಲ ತುಂಬಿಸಿ ಇಲಿ ಹಿಡಿಯುತ್ತಿದ್ದವರು. ತಮ್ಮ ಶ್ವಾಸಕೋಶಕ್ಕೆ ಹೊಗೆ, ಊರಿಗೆ ನೆಲ್ಲು. ಅವರಲ್ಲಿ ಇಬ್ಬರು, ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್, 2017ರಲ್ಲಿ ಹೆಬ್ಬಾವು ಹಿಡಿದುಕೊಡಲು ಅಮೆರಿಕದ ಫ್ಲಾರಿಡಾಕ್ಕೆ ಹೋದರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಮೆರಿಕದವರು ಪ್ರಾಣಿಯನ್ನು ಕೇಳಲಿಲ್ಲ, ಬಲ್ಲ ಮನುಷ್ಯರನ್ನು ಕರೆಸಿಕೊಂಡರು. ನಮ್ಮ ಟಿಪ್ಪಣಿಯಲ್ಲಿ ಈ ವಾಕ್ಯದ ಕೆಳಗೆ ಗೆರೆ ಎಳೆದಿದ್ದೆವು.

ಬ್ರೌನಿಂಗ್‌ನ ಹ್ಯಾಮೆಲಿನ್ ಊರಿನ ಕೊಳಲುಗಾರನನ್ನು ಕುವೆಂಪು ತುಂಗೆಯ ತೀರಕ್ಕೆ ತಂದು ಕಿಂದರಿಜೋಗಿಯಾಗಿಸಿದರು. ನಾವು ಅದನ್ನು ಶಾಲೆಯಲ್ಲಿ ಹಾಡಿದೆವು, ಮನೆಯಲ್ಲಿ ಮಕ್ಕಳಿಗೆ ಹಾಡಿಸಿದೆವು. ನಮ್ಮ ಸಂಘಗಳ ರಾಜ್ಯೋತ್ಸವಗಳಲ್ಲಿ ಬಾಲಬಾಲೆಯರು ರಟ್ಟಿನ ಇಲಿಮುಖ ತೊಟ್ಟು ಕುಣಿದಾಗ ಚಪ್ಪಾಳೆ ತಟ್ಟಿದೆವು. ಇಷ್ಟು ವರ್ಷ ನಮಗೆ ಅದು ಮಾಂತ್ರಿಕನ ಕತೆಯಾಗಿತ್ತು. ಈಗ ಓದಿದರೆ ಬಟವಾಡೆಯ ಕತೆಯಂತೆ ಕಾಣುತ್ತದೆ. ಕೆಲಸ ಮುಗಿದಿದೆ, ಇಲಿಗಳು ಹೊಳೆ ಸೇರಿವೆ, ಇನ್ನು ಹಣ ಕೊಡುವುದೇಕೆಂದು ಗೌಡ ಕೇಳುತ್ತಾನೆ. ನಮ್ಮ ಕಚೇರಿಯ ಲೆಕ್ಕವಿಭಾಗ ಇಷ್ಟು ಒರಟಾಗಿ ಕೇಳುವುದಿಲ್ಲ. 'ಹಿಡಿದ ಇಲಿಗಳ ಸಂಖ್ಯೆಯ ಪ್ರಮಾಣಪತ್ರ ಲಗತ್ತಿಸಿಲ್ಲ' ಎಂದು ಬರೆದು ಬಿಲ್ಲನ್ನು ಹಿಂದಿರುಗಿಸುತ್ತದೆ. ಬಿಲ ಮುಚ್ಚಿದ್ದರಿಂದ ಬಾರದೇ ಹೋದ ಇಲಿಗಳಿಗೆ ಪ್ರಮಾಣಪತ್ರ ಕೊಡುವವರಾರು?

ಟಿಪ್ಪಣಿ ನಾಲ್ಕು ಪುಟವಾಯಿತು. ಫೆರೆಟ್ ಬೇಡ, ಅಂಟುಹಲಗೆ ಬೇಡ, ಗೋಡೆಯ ಸಂದುಗಳನ್ನು ಗಾಜಿನ ಚೂರು ಬೆರೆಸಿದ ಸಿಮೆಂಟಿನಿಂದ ಮುಚ್ಚಬೇಕು, ಮಧ್ಯಾಹ್ನದ ಡಬ್ಬಿಯ ಎಂಜಲು ಮೇಜಿನಡಿ ಉಳಿಯಕೂಡದು, ಕೆಲಸಗಾರನ ಸಲಹೆಯನ್ನು ಪ್ರತಿ ತಿಂಗಳು ಲಿಖಿತವಾಗಿ ದಾಖಲಿಸಬೇಕು, ಅವನ ಗುತ್ತಿಗೆ ಬಿಲ್ಲಿಗೆ ಸತ್ತ ಇಲಿಯ ಲೆಕ್ಕ ಕೇಳಬಾರದು ಎಂದು ಬರೆದು ಕಳಿಸಿದೆವು. ಕಡತ 'ಚರ್ಚಿಸಿ' ಎಂಬ ಒಂದೇ ಪದದೊಂದಿಗೆ ಮರಳಿ ಬಂತು. ಚರ್ಚೆ ಇನ್ನೂ ಆಗಿಲ್ಲ.

ಎ.ಸಿ. ಪೈಪಿನ ಪಕ್ಕದ ಸಂದು ಮಾತ್ರ ಮುಚ್ಚಿದೆ. ಕಲಬುರಗಿಯಾತ ಒಂದು ಮಧ್ಯಾಹ್ನ ತಾನೇ ಅರ್ಧ ಚೀಲ ಸಿಮೆಂಟು, ಒಡೆದ ಬಾಟಲಿಯ ಚೂರು ತಂದು ಕೈಯಿಂದಲೇ ಮೆತ್ತಿ ಹೋದ. ದೀಪಾವಳಿಯ ನಂತರ ದಾಖಲೆ ಕೊಠಡಿಯಲ್ಲಿ ಹೊಸ ಹಿಕ್ಕೆ ಕಂಡಿಲ್ಲ. ಸಿಮೆಂಟಿಗೆ ಅವನ ಜೇಬಿನಿಂದ ಹೋದದ್ದು 210 ರೂಪಾಯಿ. ಅಂಗಡಿಯ ರಸೀದಿ ಇಲ್ಲವೆಂಬ ಕಾರಣಕ್ಕೆ ಅದು ಇನ್ನೂ ಬಾಕಿಯಿದೆ. ನಾವು ಕೊಡಹೋದಾಗ ಆತ, "ನಿಮ್ಮದು ಬ್ಯಾಡ್ರೀ ಸಾಹೇಬ್ರ, ಆಫೀಸಿಂದು ಬರಲಿ" ಎಂದು ಕೈ ಹಿಂದಕ್ಕೆಳೆದುಕೊಂಡ.